ಹಿತ್ತಲ ಗೋಡೆಯ ಬೆಕ್ಕು: ಗುರುತು, ಸಲಿಗೆ, ಆರೈಕೆ

ಎರಡು ವರ್ಷದ ಹಿಂದೆ, ಶ್ರಾವಣದ ಕೊನೆಯ ವಾರ, ಮೈಸೂರಿನ ನಮ್ಮ ಮನೆಯ ಹಿತ್ತಲ ಗೋಡೆಯ ಮೇಲೆ ಬೂದಿ ಬಣ್ಣದ ಪಟ್ಟೆ ಬೆಕ್ಕೊಂದು ಬಂದು ಕುಳಿತಿತು. ನಮ್ಮ ಕಡೆಯ ಹಳಬರ ಮಾತಿನಲ್ಲಿ ಕೊತ್ತಿ. ನಾನು ಬಾಗಿಲು ತೆರೆದೆ, ಅದು ಹಾರಿ ಓಡಿತು. ಮರುದಿನ ಅದೇ ಹೊತ್ತಿಗೆ ಮತ್ತೆ ಬಂತು, ಮತ್ತೆ ಓಡಿತು. ಓಡುವುದಾದರೆ ಬರುವುದೇಕೆ ಎಂದು ನಾನು ಗೊಣಗಿದ್ದು ಪಕ್ಕದ ಮನೆಯ ಅಜ್ಜಿಗೆ ಕೇಳಿಸಿತು. "ಅದು ನಿನ್ನನ್ನು ನೋಡಲು ಬರುತ್ತದೆ ಅಂದುಕೊಂಡೆಯೇನಪ್ಪ? ನಿಮ್ಮ ಮೋಟಾರು ಗೂಡಿನ ಇಲಿಯನ್ನು ನೋಡಲು ಬರುತ್ತದೆ" ಎಂದರು.

ಆ ಬೆಕ್ಕು ನನ್ನ ಎದುರು ನೆಮ್ಮದಿಯಾಗಿ ತಿನ್ನಲು ನಾಲ್ಕು ವಾರ ಬೇಕಾಯಿತು, ಮೈ ಮುಟ್ಟಗೊಡಲು ಆರು ವಾರ. ನಡುವೆ ನಾನು ಅವಸರಪಟ್ಟು ಪರಚಿಸಿಕೊಂಡು ಆಸ್ಪತ್ರೆಯ ಸಾಲಿನಲ್ಲಿ ನಿಂತದ್ದೂ ಆಯಿತು. ಹಾಗೆ ಕಲಿತದ್ದನ್ನೂ ಪಶುವೈದ್ಯರು ಹೇಳಿಕೊಟ್ಟದ್ದನ್ನೂ ಸೇರಿಸಿ ಈ ಕ್ರಮವನ್ನು ಬರೆಯುತ್ತಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬೀದಿ ಬೆಕ್ಕಿಗೆ ಊಟ ಹಾಕುವುದು ಸುಲಭದ ಕೆಲಸ. ಹಾಕಲು ಶುರು ಮಾಡಿದ ಮೇಲೆ ಅದರ ಸಂತಾನದ ಲೆಕ್ಕವೂ ನಿಮ್ಮ ತಲೆಗೇ ಬರುತ್ತದೆ. ಅದಕ್ಕೆ ಸಿದ್ಧರಿದ್ದರೆ ಮಾತ್ರ ತಟ್ಟೆ ಇಡಿ.

ಮೊದಲು ಕಣ್ಣಿಗೆ ಕೆಲಸ

ಮೊದಲ ನಾಲ್ಕೈದು ದಿನ ಏನನ್ನೂ ಹಾಕದೆ ಸುಮ್ಮನೆ ನೋಡಿ. ಮನೆಯಿಂದ ತಪ್ಪಿಸಿಕೊಂಡ ಬೆಕ್ಕು, ಇಲ್ಲವೇ ಬಾಡಿಗೆ ಮನೆ ಖಾಲಿ ಮಾಡುವಾಗ ಬಿಟ್ಟುಹೋದ ಬೆಕ್ಕು ನಿಮ್ಮ ಮುಖ ನೋಡುತ್ತದೆ, ಬಾಲವನ್ನು ನೆಟ್ಟಗೆ ಎತ್ತಿಕೊಂಡು ಹತ್ತಿರ ಬರುತ್ತದೆ, ಮಿಯಾಂವ್ ಎಂದು ಕೂಗುತ್ತದೆ. ಬೆಳೆದ ಬೆಕ್ಕುಗಳು ತಮ್ಮತಮ್ಮೊಳಗೆ ಹಾಗೆ ಕೂಗುವುದು ಅಪರೂಪ. ಆ ಕೂಗನ್ನು ಅವು ಹೆಚ್ಚಾಗಿ ಮನುಷ್ಯರಿಗೆಂದೇ ಇಟ್ಟುಕೊಂಡಿವೆ. ಬೀದಿಯಲ್ಲೇ ಹುಟ್ಟಿ ಹೋಟೆಲಿನ ಹಿಂಬಾಗಿಲು, ಕೋಳಿಯಂಗಡಿಗಳ ಆಸುಪಾಸಿನಲ್ಲಿ ಬೆಳೆದ ಬೆಕ್ಕು ಹತ್ತು ಅಡಿ ದೂರದಲ್ಲಿ ಕುಳಿತು ನಿಮ್ಮನ್ನು ಅಳೆಯುತ್ತದೆ. ಇದರ ಸ್ನೇಹ ಸಾಧ್ಯ, ಆದರೆ ವಾರಗಟ್ಟಲೆ ಹಿಡಿಯುತ್ತದೆ. ಇನ್ನೊಂದು ಬಗೆ ಮನುಷ್ಯರ ಕೈ ಸೋಕದೆ ದೊಡ್ಡದಾದದ್ದು. ಮರಿಗೆ ಎರಡರಿಂದ ಏಳು ವಾರ ವಯಸ್ಸಿನ ನಡುವೆ ಜನರ ಒಡನಾಟ ಸಿಗದಿದ್ದರೆ ಆಮೇಲೆ ಪಳಗಿಸುವುದು ಬಹಳ ಕಷ್ಟ. ಇಂಥದ್ದು ಕತ್ತಲಾದ ಮೇಲೆ ಬಂದು, ಮೈಯನ್ನು ನೆಲಕ್ಕೆ ಅಂಟಿಸಿಕೊಂಡು ಓಡಾಡಿ, ಸದ್ದಿಲ್ಲದೆ ಹೋಗುತ್ತದೆ. ಇದನ್ನು ಮಡಿಲಿಗೆ ತರುವ ಆಸೆ ಬಿಡಿ. ಹೊಟ್ಟೆಗೆ ಹಾಕಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಅದರ ಪಾಡಿಗೆ ಇರಲು ಬಿಟ್ಟರೆ ಅದೇ ದೊಡ್ಡ ಉಪಕಾರ.

ಆಮೇಲೆ ಕಿವಿ ನೋಡಿ. ಒಂದು ಕಿವಿಯ, ಸಾಮಾನ್ಯವಾಗಿ ಎಡಗಿವಿಯ, ತುದಿಯನ್ನು ಕತ್ತರಿಯಲ್ಲಿ ಕತ್ತರಿಸಿದಂತೆ ನೇರವಾಗಿ ತೆಗೆದಿದ್ದರೆ ಯಾರೋ ಪುಣ್ಯಾತ್ಮರು ಈಗಾಗಲೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ್ದಾರೆ ಎಂದು ಅರ್ಥ. ಅರಿವಳಿಕೆಯಲ್ಲಿರುವಾಗಲೇ ಈ ಗುರುತು ಮಾಡುತ್ತಾರೆ. ಜಗಳದಲ್ಲಿ ಹರಿದ ಕಿವಿ ಹೀಗೆ ನೇರವಾಗಿರುವುದಿಲ್ಲ, ಅಂಚು ಚಿಂದಿಯಾಗಿರುತ್ತದೆ. ಹೆಣ್ಣಾದರೆ ಹೊಟ್ಟೆಯನ್ನೂ ಗಮನಿಸಿ. ಮೊಲೆತೊಟ್ಟುಗಳು ಗುಲಾಬಿ ಬಣ್ಣಕ್ಕೆ ತಿರುಗಿ ಸುತ್ತಲಿನ ಕೂದಲು ಉದುರಿದ್ದರೆ ಎಲ್ಲೋ ಮರಿಗಳಿವೆ, ಅದನ್ನು ಹಿಡಿದು ದೂರ ಕೊಂಡೊಯ್ಯಬಾರದು. ಗಂಡೋ ಹೆಣ್ಣೋ ತಿಳಿಯದಿದ್ದರೆ ಬಣ್ಣ ಒಂದಿಷ್ಟು ಸುಳಿವು ಕೊಡುತ್ತದೆ. ಬಿಳಿ, ಕಪ್ಪು, ಕೇಸರಿ ಮೂರೂ ಒಂದೇ ಮೈಯಲ್ಲಿದ್ದರೆ ಅದು ಹೆಚ್ಚುಕಡಿಮೆ ಖಂಡಿತವಾಗಿ ಹೆಣ್ಣು. ಪೂರಾ ಕೇಸರಿ ಬೆಕ್ಕುಗಳಲ್ಲಿ ಗಂಡೇ ಹೆಚ್ಚು.

ಅಕ್ಕಪಕ್ಕದವರನ್ನು ವಿಚಾರಿಸುವುದನ್ನು ಮರೆಯಬೇಡಿ. ನಮ್ಮ ಬೀದಿಯಲ್ಲಿ ವಿಚಾರಿಸಿದಾಗ, ನಾನು ಬೂದಿ ಎಂದು ಕರೆಯುತ್ತಿದ್ದ ಬೆಕ್ಕು ಕೊನೆಯ ಮನೆಯಲ್ಲಿ ಪುಸಿಯಾಗಿ ಬೆಳಗಿನ ಇಡ್ಲಿ ತಿನ್ನುತ್ತಿತ್ತು. ಗೌರಿ ಹಬ್ಬದ ಹಿಂದಿನ ವಾರ ಬಂದದ್ದರಿಂದ ಅಜ್ಜಿಯ ಬಾಯಲ್ಲಿ ಅದು ಗೌರಿ. ಬೆಕ್ಕು ಮುಟ್ಟಿಸಿಕೊಳ್ಳುವ ಹಂತಕ್ಕೆ ಬಂದ ಮೇಲೂ ಯಜಮಾನರು ಇರಬಹುದೆಂಬ ಅನುಮಾನ ಉಳಿದಿದ್ದರೆ, ಒಂದು ಕಾಗದದ ಪಟ್ಟಿಯ ಮೇಲೆ "ಈ ಬೆಕ್ಕು ನಿಮ್ಮದೇ?" ಎಂದೂ ಮೊಬೈಲ್ ಸಂಖ್ಯೆಯನ್ನೂ ಬರೆದು ಕುತ್ತಿಗೆಗೆ ಸಡಿಲವಾಗಿ ಸುತ್ತಿ, ತುದಿಗಳನ್ನು ಅಂಟಿಸಿ. ಎಲ್ಲಾದರೂ ಸಿಕ್ಕಿಕೊಂಡರೆ ಕಾಗದ ತಾನೇ ಹರಿಯುತ್ತದೆ. ದಾರವನ್ನೋ ರಿಬ್ಬನ್ನನ್ನೋ ಕಟ್ಟಬೇಡಿ, ಕೊಂಬೆಗೆ ಸಿಕ್ಕಿ ಕುತ್ತಿಗೆ ಬಿಗಿಯುತ್ತದೆ.

ಊಟ: ಹಾಲಿನ ಬಟ್ಟಲು ಬೇಡ

ತೆನಾಲಿ ರಾಮಕೃಷ್ಣನ ಕಥೆಯ ಬೆಕ್ಕು ಬಿಸಿ ಹಾಲಿಗೆ ಮೂತಿ ಸುಟ್ಟುಕೊಂಡು ಆಮೇಲೆ ಹಾಲು ಕಂಡರೆ ಓಡುತ್ತಿತ್ತು. ನಿಜ ಹೇಳಬೇಕೆಂದರೆ ಆ ಬೆಕ್ಕಿಗೆ ಒಳ್ಳೆಯದೇ ಆಯಿತು. ತಾಯಿಯ ಹಾಲು ಬಿಟ್ಟ ಮೇಲೆ ಬಹುಪಾಲು ಬೆಕ್ಕುಗಳಿಗೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಕುಗ್ಗುತ್ತದೆ. ಹಸುವಿನ ಹಾಲನ್ನು ಅವು ಆಸೆಯಿಂದ ಕುಡಿಯುತ್ತವೆ, ಆಮೇಲೆ ಭೇದಿ ಮಾಡಿಕೊಳ್ಳುತ್ತವೆ. ದೊಡ್ಡ ಬೆಕ್ಕು ಹೇಗೋ ಸುಧಾರಿಸಿಕೊಂಡೀತು, ಪುಟ್ಟ ಮರಿ ನೀರಿನಂಶ ಕಳೆದುಕೊಂಡು ಸತ್ತೇಹೋಗಬಹುದು. ಆದ್ದರಿಂದ ಹಾಲಿನ ಬಟ್ಟಲಿನ ಜಾಗದಲ್ಲಿ ನೀರಿನ ಬಟ್ಟಲಿಡಿ, ಅದೂ ಊಟದ ತಟ್ಟೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ. ಊಟದ ಪಕ್ಕದ ನೀರನ್ನು ಎಷ್ಟೋ ಬೆಕ್ಕುಗಳು ಮುಟ್ಟುವುದಿಲ್ಲ.

ಬೆಕ್ಕು ಮಾಂಸಾಹಾರಿ. ಇದು ಅದರ ರುಚಿಯ ವಿಷಯವಷ್ಟೇ ಆಗಿದ್ದರೆ ಮೊಸರನ್ನ ಹಾಕಿ ಒಗ್ಗಿಸಬಹುದಿತ್ತು. ಕಣ್ಣಿಗೂ ಹೃದಯಕ್ಕೂ ಬೇಕಾದ ಟಾರಿನ್ ಎಂಬ ಅಂಶವನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು, ಮಾಂಸದಿಂದಲೇ ಪಡೆಯಬೇಕು. ನಮ್ಮದು ಮೊಟ್ಟೆಯನ್ನೂ ಒಳಗೆ ತಾರದ ಮನೆ. ಮೊದಲ ವಾರ ಮನೆಯಲ್ಲಿ ಇದರ ಬಗ್ಗೆ ದೊಡ್ಡ ಪಂಚಾಯಿತಿಯೇ ನಡೆಯಿತು. ಕೊನೆಗೆ ರಾಜಿಯಾದದ್ದು ಅಂಗಡಿಯಲ್ಲಿ ಸಿಗುವ ಒಣ ಕಾಳಿನಂಥ ಬೆಕ್ಕಿನ ಆಹಾರಕ್ಕೆ. ಅದರ ಡಬ್ಬಿ ಈಗಲೂ ಮೋಟಾರು ಗೂಡಿನಲ್ಲೇ ಇದೆ, ಅಡುಗೆಮನೆಯ ಹೊಸ್ತಿಲು ದಾಟಿಲ್ಲ. ಮೂರು ಕಿಲೋ ತೂಗುವ ಬೆಕ್ಕಿಗೆ ಇಂಥ ಒಣ ಆಹಾರ ದಿನಕ್ಕೆ ಸುಮಾರು 50 ಗ್ರಾಂ ಸಾಕು, ಎರಡು ಹೊತ್ತಿಗೆ ಹಂಚಿ. ನಾಯಿಯ ಆಹಾರ ಅಗ್ಗವೆಂದು ತರಬೇಡಿ, ಬೆಕ್ಕಿಗೆ ಬೇಕಾದದ್ದು ಅದರಲ್ಲಿ ಸಾಲದು.

ಮಾಂಸ ಬೇಯಿಸುವ ಮನೆಯಾದರೆ ಕೆಲಸ ಇನ್ನೂ ಹಗುರ. ಕೋಳಿಯನ್ನೋ ಮೀನನ್ನೋ ಉಪ್ಪು, ಖಾರ, ಮಸಾಲೆ ಹಾಕುವ ಮೊದಲೇ ಒಂದು ಪಾಲು ತೆಗೆದು ಬೇಯಿಸಿ, ಮುಳ್ಳು ಮೂಳೆಗಳನ್ನು ಬಿಡಿಸಿ ಹಾಕಿ. ಬೆಂದ ಮೂಳೆ ಸೀಳಿ ಗಂಟಲಿಗೆ ಚುಚ್ಚುತ್ತದೆ. ಕರಾವಳಿಯವರು ಬೂತಾಯಿ, ಬಂಗುಡೆಯ ತಲೆ ಎಸೆಯುವುದು ರೂಢಿ. ಬೇಯಿಸಿ ಮುಳ್ಳು ತೆಗೆದು ಹಾಕಿದರೆ ಒಳ್ಳೆಯದು, ಆದರೆ ಬರೀ ಮೀನೇ ದಿನನಿತ್ಯದ ಊಟವಾಗಬಾರದು. ಕೋಳಿಯಂಗಡಿಯಲ್ಲಿ ಲಿವರ್ ಅಗ್ಗ. ವಾರಕ್ಕೊಮ್ಮೆ ಚೂರು ಕೊಡಿ, ದಿನವೂ ಕೊಟ್ಟರೆ ಎ ಜೀವಸತ್ವ ಮಿತಿಮೀರಿ ಮೂಳೆಗೆ ತೊಂದರೆ. ಬೇಯಿಸಿದ ಮೊಟ್ಟೆ ಆಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು, ಪಲ್ಯ, ಬಿರಿಯಾನಿಯ ಮಿಕ್ಕಿದ್ದು ಯಾವುದೂ ಆಗದು. ಈರುಳ್ಳಿಯ ಜಾತಿ ಬೆಕ್ಕಿನ ರಕ್ತದ ಕೆಂಪು ಕಣಗಳನ್ನೇ ಒಡೆಯುತ್ತದೆ.

ಇರುವೆಗಳ ಕಾಟ ನಮ್ಮಲ್ಲಿ ಎಲ್ಲರಿಗೂ ಇದ್ದದ್ದೇ. ಅಗಲವಾದ ತಟ್ಟೆಯಲ್ಲಿ ಬೆರಳಷ್ಟು ನೀರು ಹಾಕಿ, ಅದರ ನಡುವೆ ಊಟದ ಬಟ್ಟಲು ಇಡಿ. ಲಕ್ಷ್ಮಣರೇಖೆಯ ಸೀಮೆಸುಣ್ಣ ಎಳೆಯಬೇಡಿ, ಬೆಕ್ಕು ಅದನ್ನು ತುಳಿದು ಪಾದ ನೆಕ್ಕಿಕೊಳ್ಳುತ್ತದೆ. ಜಾಗ ನಾಯಿಗಳಿಗೆ ಎಟುಕದಷ್ಟು ಎತ್ತರದಲ್ಲಿರಲಿ, ಎರಡು ಕಡೆಯಿಂದ ತಪ್ಪಿಸಿಕೊಳ್ಳಲು ದಾರಿ ಇರಲಿ. ಹೊತ್ತು ಬದಲಿಸಬೇಡಿ. ಅರ್ಧ ಗಂಟೆಯಾದ ಮೇಲೆ ಮಿಕ್ಕಿದ್ದನ್ನು ತೆಗೆದುಬಿಡಿ, ಇಲ್ಲದಿದ್ದರೆ ಕಾಗೆ, ಹೆಗ್ಗಣ, ಕೊನೆಗೆ ನೆರೆಯವರ ದೂರು ಒಂದರ ಹಿಂದೊಂದು ಬರುತ್ತವೆ.

ಸುಮ್ಮನೆ ಕೂರುವ ಕಲೆ

ಊಟ ಹಾಕಿ ಒಳಗೆ ಹೋಗಿ ಕಿಟಕಿಯಿಂದ ಇಣುಕುವ ಅಭ್ಯಾಸ ನನಗೂ ಇತ್ತು. ಇಣುಕುವವನನ್ನು ಬೆಕ್ಕು ಬೇಟೆಗಾರನೆಂದೇ ತಿಳಿಯುತ್ತದೆ. ಅದರ ಬದಲು ತಟ್ಟೆಯಿಂದ ಹದಿನೈದು ಅಡಿ ದೂರದಲ್ಲಿ, ಅದಕ್ಕೆ ಕಾಣುವಂತೆ, ಪಕ್ಕಕ್ಕೆ ತಿರುಗಿ ಕುಳಿತುಕೊಳ್ಳಿ. ಕೈಯಲ್ಲಿ ಪತ್ರಿಕೆ ಇರಲಿ. ನಿಂತ ಮನುಷ್ಯ ಬೆಕ್ಕಿಗೆ ಗೋಪುರ, ಮಣೆಯ ಮೇಲೆ ಕುಳಿತವನು ಸಹಿಸಿಕೊಳ್ಳಬಹುದಾದ ಪ್ರಾಣಿ. ಎರಡು ಮೂರು ದಿನಕ್ಕೊಮ್ಮೆ ಮಣೆಯನ್ನು ಒಂದು ಅಡಿ ಮುಂದಕ್ಕೆ ಸರಿಸಿ. ಅದು ತಿನ್ನುವುದನ್ನು ನಿಲ್ಲಿಸಿ ತಲೆ ಎತ್ತಿದರೆ ನೀವು ಹೆಚ್ಚು ಸರಿಸಿದ್ದೀರಿ; ಮರುದಿನ ಹಿಂದಕ್ಕೆ ಹೋಗಿ.

ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಬೆಕ್ಕುಗಳ ನಡುವೆ ಅದು ಜಗಳದ ಮುನ್ನುಡಿ. ನೋಟ ಕೂಡಿಯೇಬಿಟ್ಟರೆ ಕಣ್ಣುಗಳನ್ನು ನಿಧಾನವಾಗಿ ಕಿರಿದು ಮಾಡಿ, ಮುಚ್ಚಿ, ನಿಧಾನವಾಗಿ ತೆರೆಯಿರಿ. ಇದು ಬೆಕ್ಕು ಸಾಕಿದವರ ಕಲ್ಪನೆ ಎಂದು ನಾನು ನಗುತ್ತಿದ್ದೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನೇ ಪರೀಕ್ಷಿಸಿದ್ದರು. ಹೀಗೆ ಕಣ್ಣು ಮಿಟುಕಿಸಿದ ಅಪರಿಚಿತರ ಕೈಯ ಬಳಿಗೆ ಬೆಕ್ಕುಗಳು ಹೆಚ್ಚಾಗಿ ಬಂದವು, ತಾವೂ ಹಾಗೆಯೇ ಕಣ್ಣು ಕಿರಿದು ಮಾಡಿದವು. ಬೂದಿ ಮೊದಲ ಸಲ ಹಾಗೆ ಮಾಡಿದ್ದು ಹತ್ತೊಂಬತ್ತನೆಯ ದಿನ, ಗೋಡೆಯ ಮೇಲಿನಿಂದ. ನಾನು ಪತ್ರಿಕೆ ಕೆಳಗಿಟ್ಟು ಮನೆಯವರನ್ನೆಲ್ಲ ಕರೆದೆ. ಅವರು ಬರುವ ಹೊತ್ತಿಗೆ ಅದು ಇರಲಿಲ್ಲ.

ಒಂದೇ ಕರೆ ಇಟ್ಟುಕೊಳ್ಳಿ. ಪುಸ್ ಪುಸ್ ಎನ್ನಿ, ಹೆಸರು ಹಿಡಿದು ಕರೆಯಿರಿ, ಡಬ್ಬಿ ಅಲ್ಲಾಡಿಸಿ, ಯಾವುದಾದರೂ ಸರಿ. ಊಟಕ್ಕೆ ಮೊದಲು ದಿನವೂ ಅದೇ ಸದ್ದು ಕೇಳಿಸಬೇಕು. ಮುಂದೆ ಪಟಾಕಿಗೆ ಹೆದರಿ ಎಲ್ಲೋ ಅಡಗಿದಾಗ ಈ ಕರೆಯೊಂದೇ ಕೆಲಸಕ್ಕೆ ಬರುತ್ತದೆ.

ಆಯುಧಪೂಜೆಯ ಸಂಜೆ ಸ್ಕೂಟರಿಗೆ ಬಾಳೆಕಂದು ಕಟ್ಟಿ, ಪೂಜೆ ಮುಗಿಸಿ, ಮೆಟ್ಟಿಲ ಮೇಲೆ ಕುಳಿತಿದ್ದೆ. ಬೂದಿ ಬಂದು ಬಾಳೆಯ ಎಲೆಯನ್ನು ಮೂಸಿತು, ಚಕ್ರದ ಬಳಿಯ ನಿಂಬೆಹಣ್ಣನ್ನು ಮೂಸಿ ಮುಖ ಸಿಂಡರಿಸಿತು, ಆಮೇಲೆ ಮೊಣಕಾಲ ಮೇಲಿದ್ದ ನನ್ನ ಕೈಯ ಕಡೆ ಬಂತು. ನಾನು ಕೈ ಚಾಚಲಿಲ್ಲ. ತೋರುಬೆರಳನ್ನು ಮಾತ್ರ ಮಡಿಸಿದಂತೆ ಮುಂದಿಟ್ಟೆ. ಒದ್ದೆ ಮೂಗು ಬೆರಳ ಗೆಣ್ಣಿಗೆ ತಾಗಿತು. ಅರೆಗಳಿಗೆ ಅಲ್ಲೇ ನಿಂತು, ಬಾಯಿಯ ಮೂಲೆಯಿಂದ ಕಿವಿಯ ಬುಡದವರೆಗೆ ಕೆನ್ನೆಯನ್ನು ಬೆರಳಿಗೆ ಒತ್ತಿ ಉಜ್ಜಿತು. ಬೆಕ್ಕಿನ ಕೆನ್ನೆಯಲ್ಲಿ ವಾಸನೆಯ ಗ್ರಂಥಿಗಳಿವೆ. ಹಾಗೆ ಉಜ್ಜಿ ಅದು ತನ್ನ ಗುರುತು ಹಚ್ಚುತ್ತದೆ. ಮೊದಲು ಮುಟ್ಟಬೇಕಾದ ಜಾಗವೂ ಅದೇ: ಕೆನ್ನೆ, ಗದ್ದ, ಕಿವಿಗಳ ನಡುವೆ. ಮೂರು ಸಲ ನೇವರಿಸಿ ಕೈ ಹಿಂದೆ ತೆಗೆಯಿರಿ. ಇನ್ನೂ ಬೇಕೆನಿಸಿದರೆ ಅದೇ ಮುಂದೆ ಬರುತ್ತದೆ. ಹೊಟ್ಟೆ ತೋರಿಸಿ ಹೊರಳಿದರೆ ನಂಬಿಕೆಯಿದೆ ಎಂದಷ್ಟೇ ತಿಳಿಯಿರಿ, ಹೊಟ್ಟೆಗೆ ಕೈ ಹಾಕಬೇಡಿ. ಬಾಲ ಪಟಪಟ ಬಡಿಯತೊಡಗಿತೇ, ಕಿವಿ ಹಿಂದಕ್ಕೆ ಮಡಿಸಿತೇ, ಅವತ್ತಿನ ಮಟ್ಟಿಗೆ ಸಾಕು.

ಪರಚಿದರೆ

ಈ ಕ್ರಮವನ್ನೆಲ್ಲ ಕಲಿಯುವ ಮೊದಲು, ಮೂರನೆಯ ವಾರ, ಅದು ತಿನ್ನುವುದರಲ್ಲಿ ಮುಳುಗಿದ್ದಾಗ ಹಿಂದಿನಿಂದ ಬೆನ್ನು ಸವರಲು ಹೋದೆ. ಮಣಿಕಟ್ಟಿನಿಂದ ಹೆಬ್ಬೆರಳಿನವರೆಗೆ ಮೂರು ಗೀರು, ರಕ್ತ. ತಪ್ಪು ಪೂರ್ತಿ ನನ್ನದೇ. ಮನೆಯಲ್ಲಿ ಒಬ್ಬರು ಅರಿಶಿನ ತಂದರು, ಇನ್ನೊಬ್ಬರು ಕಾಫಿ ಪುಡಿ. ಎರಡೂ ಬೇಡ, ಸುಣ್ಣವೂ ಬೇಡ. ನಲ್ಲಿಯ ಹರಿಯುವ ನೀರಿನ ಕೆಳಗೆ ಸೋಪು ಹಚ್ಚಿ ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆಯಬೇಕು. ಆಮೇಲೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರೇಬಿಸ್ ನಾಯಿಯಿಂದ ಮಾತ್ರ ಬರುತ್ತದೆಂಬುದು ತಪ್ಪು ತಿಳಿವಳಿಕೆ, ಬೆಕ್ಕಿನಿಂದಲೂ ಬರಬಹುದು. ಲಕ್ಷಣ ಕಾಣಿಸಿಕೊಂಡ ಮೇಲೆ ಅದಕ್ಕೆ ಮದ್ದಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಲಸಿಕೆ ಉಚಿತ. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ ಚುಚ್ಚುತ್ತಾರೆ. ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದೂ ಬೇಕಾಗುತ್ತದೆ, ಧನುರ್ವಾಯುವಿನ ಚುಚ್ಚುಮದ್ದನ್ನೂ ವೈದ್ಯರು ನೋಡಿ ಹೇಳುತ್ತಾರೆ. ಬೆಕ್ಕು ಹತ್ತು ದಿನವಾದ ಮೇಲೂ ಆರೋಗ್ಯವಾಗಿದೆಯೇ ಎಂದು ಗಮನಿಸಿ ವೈದ್ಯರಿಗೆ ತಿಳಿಸಿ, ಆದರೆ ಅದಕ್ಕಾಗಿ ಕಾಯುತ್ತಾ ಲಸಿಕೆ ತಡಮಾಡಬೇಡಿ.

ಬೆಕ್ಕಿನ ಕಡಿತವನ್ನಂತೂ ಹಗುರವಾಗಿ ಕಾಣಲೇಬಾರದು. ಅದರ ಹಲ್ಲು ದಬ್ಬಣದಂತೆ ಆಳಕ್ಕಿಳಿಯುತ್ತದೆ, ಮೇಲಿನ ತೂತು ಬೇಗ ಮುಚ್ಚಿ ಒಳಗೆ ಕೀವಾಗುತ್ತದೆ.

ಬುಟ್ಟಿ, ಆಟೋ, ಆಪರೇಷನ್

ಈ ಲೇಖನದಲ್ಲಿ ಒಂದೇ ಭಾಗವನ್ನು ಓದುವುದಾದರೆ ಇದನ್ನು ಓದಿ. ಹೆಣ್ಣುಬೆಕ್ಕು ನಾಲ್ಕರಿಂದ ಆರು ತಿಂಗಳಿಗೇ ಬೆದೆಗೆ ಬರಬಹುದು. ಗರ್ಭದ ಅವಧಿ ಸುಮಾರು ಒಂಬತ್ತು ವಾರ. ಒಂದು ಸೂಲಿಗೆ ನಾಲ್ಕು ಮರಿ ಸಾಮಾನ್ಯ. ಮರಿಗಳು ಹಾಲು ಕುಡಿಯುತ್ತಿರುವಾಗಲೇ ತಾಯಿ ಮತ್ತೆ ಗಬ್ಬವಾಗಬಲ್ಲದು. ಚಳಿ ದೇಶಗಳಲ್ಲಿ ಇದಕ್ಕೆ ಋತುಮಾನದ ಅಡ್ಡಿಯಿದೆ. ವರ್ಷವಿಡೀ ಬಿಸಿಲಿರುವ ನಮ್ಮಲ್ಲಿ ಅದೂ ಇಲ್ಲ. ನೀವು ಚೆನ್ನಾಗಿ ಊಟ ಹಾಕಿದಷ್ಟೂ ಸೂಲು ಸಲೀಸು. ಹುಟ್ಟಿದ ಮರಿಗಳಲ್ಲಿ ಹೆಚ್ಚಿನವು ಚಕ್ರಕ್ಕೋ ನಾಯಿಗೋ ರೋಗಕ್ಕೋ ಹೋಗುತ್ತವೆ. ಅದನ್ನು ಒಂದು ಸಲ ಹತ್ತಿರದಿಂದ ನೋಡಿದವರು ಆಪರೇಷನ್ ಪಾಪವೆಂದು ವಾದಿಸುವುದಿಲ್ಲ. "ಒಂದು ಸಲ ಹಡೆಯಲಿ, ಆಮೇಲೆ ಮಾಡಿಸು" ಎಂಬ ಸಲಹೆ ನನಗೂ ಬಂತು. ಅದಕ್ಕೆ ವೈದ್ಯಕೀಯ ಆಧಾರವಿಲ್ಲ. ಮೊದಲ ಬೆದೆಗೆ ಮುಂಚೆ ಮಾಡಿಸಿದರೆ ಮೊಲೆಯ ಗಂತಿಯ ಅಪಾಯವೂ ಬಹಳ ಕಡಿಮೆ.

ಹಿಡಿಯುವ ಕೆಲಸವನ್ನು ಹದಿನೈದು ದಿನ ಮೊದಲೇ ಆರಂಭಿಸಿ. ಬಾಗಿಲಿರುವ ಪ್ಲಾಸ್ಟಿಕ್ ಬುಟ್ಟಿಯನ್ನು, ಬಾಗಿಲು ಕಳಚಿ, ಊಟದ ಜಾಗದಲ್ಲಿ ಇಡಿ. ಒಳಗೆ ಹಳೆಯ ಪಂಚೆ ಹಾಸಿ. ತಟ್ಟೆಯನ್ನು ಮೊದಲು ಬುಟ್ಟಿಯ ಪಕ್ಕ, ಆಮೇಲೆ ಬಾಯಲ್ಲಿ, ಆಮೇಲೆ ಒಳಗಿನ ತುದಿಯಲ್ಲಿ. ಬೆಕ್ಕು ಒಳಗೆ ಹೋಗಿ ನೆಮ್ಮದಿಯಾಗಿ ತಿನ್ನುವಂತಾದ ಮೇಲೆ ಬಾಗಿಲು ಜೋಡಿಸಿ, ಎರಡು ದಿನ ತೆರೆದೇ ಬಿಡಿ. ಹಿಡಿಯುವ ಹಿಂದಿನ ರಾತ್ರಿ ಊಟ ಕಡಿಮೆ ಹಾಕಿ, ಮರುದಿನ ಒಳಗೆ ವಾಸನೆಗೆಂದು ಒಂದೇ ಚೂರು ಇಡಿ; ಅರಿವಳಿಕೆಗೆ ಮೊದಲು ಬೆಳೆದ ಬೆಕ್ಕು ಆರರಿಂದ ಎಂಟು ಗಂಟೆ ಖಾಲಿ ಹೊಟ್ಟೆಯಲ್ಲಿರಬೇಕು. ಮರಿಗಳಿಗೆ ಅಷ್ಟು ಹೊತ್ತು ಉಪವಾಸ ಆಗದು, ವೈದ್ಯರನ್ನು ಕೇಳಿ. ಮುಟ್ಟಗೊಡದ ಬೆಕ್ಕಾದರೆ ಒಳಗೆ ಕಾಲಿಟ್ಟೊಡನೆ ಬಾಗಿಲು ಬೀಳುವ ಪಂಜರ ಬೇಕು. ಪ್ರಾಣಿದಯಾ ಸಂಸ್ಥೆಗಳಲ್ಲಿ ಕೆಲವು ಅದನ್ನು ಎರವಲು ಕೊಡುತ್ತವೆ, ಜೊತೆಗೆ ಅನುಭವಸ್ಥರು ಬಂದರೆ ಇನ್ನೂ ಒಳ್ಳೆಯದು. ಗೋಣಿಚೀಲದಲ್ಲಿ ತುಂಬಬೇಡಿ, ಉಸಿರು ಕಟ್ಟುತ್ತದೆ.

ಬಾಗಿಲು ಮುಚ್ಚಿದೊಡನೆ ಬುಟ್ಟಿಗೆ ಟವೆಲು ಹೊದಿಸಿ. ಕತ್ತಲಾದರೆ ಬೆಕ್ಕಿನ ಗಾಬರಿ ಅರ್ಧ ಇಳಿಯುತ್ತದೆ. ದೀಪಾವಳಿ ಕಳೆದ ವಾರ ನಾನು ಬೂದಿಯನ್ನು ಹೀಗೆ ಆಟೋದಲ್ಲಿ ಕೊಂಡೊಯ್ದಾಗ, ದಾರಿಯುದ್ದಕ್ಕೂ ಟವೆಲಿನೊಳಗಿಂದ ಹಸುಗೂಸು ಅತ್ತಂಥ ಸದ್ದು. ಆಟೋದವರು ಎರಡು ಸಲ ಹಿಂತಿರುಗಿ ನೋಡಿ, ಮೂರನೆಯ ಸಲ ಗಾಡಿ ನಿಲ್ಲಿಸಿಯೇಬಿಟ್ಟರು. "ಒಳಗೇನಿದೆ ಸ್ವಾಮಿ, ತೋರಿಸಿ" ಎಂದರು. ತೋರಿಸಿದ ಮೇಲೆ ಅವರ ಅತ್ತೆಯ ಮನೆಯ ಬೆಕ್ಕಿನ ಕಥೆ ಆಸ್ಪತ್ರೆಯ ಗೇಟಿನವರೆಗೆ ನಡೆಯಿತು.

ಹೋಗುವ ಮೊದಲು ಫೋನ್ ಮಾಡಿ ಬೆಕ್ಕಿಗೆ ಆಪರೇಷನ್ ಮಾಡುವ ವೈದ್ಯರು ಇದ್ದಾರೆಯೇ, ಯಾವ ದಿನ, ಎಷ್ಟು ಖರ್ಚು ಎಂದು ಕೇಳಿಕೊಳ್ಳಿ. ಊರಿನ ಪಶುಚಿಕಿತ್ಸಾಲಯಗಳಲ್ಲಿ ದನಕರುಗಳದ್ದೇ ಹೆಚ್ಚು ಕೆಲಸ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳ ಪಶುವೈದ್ಯಕೀಯ ಕಾಲೇಜುಗಳಿಗೆ ಹತ್ತಿರವಿರುವವರು ಅಲ್ಲಿನ ಆಸ್ಪತ್ರೆಗಳಲ್ಲಿ ವಿಚಾರಿಸಬಹುದು. ಬೀದಿಗೇ ಮರಳುವ ಬೆಕ್ಕಾದರೆ ಮೂರು ಮಾತು ಸ್ಪಷ್ಟವಾಗಿ ಹೇಳಿ: ಕರಗುವ ಹೊಲಿಗೆ ಹಾಕಬೇಕು, ಕಿವಿಗೆ ಗುರುತು ಮಾಡಬೇಕು, ಅದೇ ಭೇಟಿಯಲ್ಲಿ ರೇಬಿಸ್ ಲಸಿಕೆಯನ್ನೂ ಜಂತುಹುಳುವಿನ ಔಷಧಿಯನ್ನೂ ಕೊಡಬೇಕು. ಎರಡನೆಯ ಸಲ ಅದು ನಿಮ್ಮ ಕೈಗೆ ಸಿಗುತ್ತದೆಂಬ ಭರವಸೆಯಿಲ್ಲ.

ಮನೆಗೆ ತಂದ ಮೇಲೆ ಹೆಣ್ಣುಬೆಕ್ಕನ್ನು ಕೆಲವು ದಿನವಾದರೂ ಕೋಣೆಯೊಳಗೆ ಇಟ್ಟುಕೊಳ್ಳಬೇಕು. ಗಂಡಿಗೆ ಒಂದೆರಡು ದಿನ ಸಾಕು. ಪೂರ್ತಿ ಎಚ್ಚರವಾಗುವವರೆಗೆ ಎತ್ತರದ ಜಾಗ ಸಿಗಬಾರದು, ಊಟ ಹಾಕಬಾರದು. ಗಾಯ ನೆಕ್ಕದಂತೆ ಕುತ್ತಿಗೆಗೆ ಹಾಕುವ ಕೊಳವೆಯಂಥ ಪಟ್ಟಿಯನ್ನು ಬೂದಿ ಇಪ್ಪತ್ತು ನಿಮಿಷದಲ್ಲಿ ಕಿತ್ತು ಹಾಕಿತು. ಹಳೆಯ ಕಾಲುಚೀಲದ ತುದಿ ಕತ್ತರಿಸಿ, ಕಾಲಿಗೆ ನಾಲ್ಕು ತೂತು ಮಾಡಿ ತೊಡಿಸಿದ ಅಂಗಿ ಮಾತ್ರ ಉಳಿಯಿತು. ಗಾಯ ಕೆಂಪಾಗಿ ಊದಿದರೆ, ಒಸರಿದರೆ, ಮರುದಿನವೂ ಊಟ ಮುಟ್ಟದಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಿ. ಇನ್ನೊಂದು ವಿಷಯ: ಗಂಡುಬೆಕ್ಕಿಗೆ ಆಪರೇಷನ್ ಆದ ಮೇಲೂ ಕೆಲವು ವಾರ ಮರಿ ಹುಟ್ಟಿಸುವ ಶಕ್ತಿ ಉಳಿದಿರುತ್ತದೆ, ಒಳಗೇ ಇಡುವವರು ಆಪರೇಷನ್ ಆಗದ ಹೆಣ್ಣಿನಿಂದ ದೂರವಿಡಿ.

ಮರಿಗಳು ಸಿಕ್ಕರೆ

ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂಬ ಮಾತು ಸುಳ್ಳಲ್ಲ. ಒಂಟಿ ಮರಿ ಕಂಡೊಡನೆ ತಾಯಿ ಬಿಟ್ಟುಹೋಗಿದೆ ಎಂದು ಎತ್ತಿಕೊಂಡು ಬರಬೇಡಿ. ತಾಯಿ ಒಂದೊಂದಾಗಿ ಸಾಗಿಸುತ್ತಿರಬಹುದು, ಇಲ್ಲವೇ ಬೇಟೆಗೆ ಹೋಗಿರಬಹುದು. ಮರಿ ಬೆಚ್ಚಗೆ, ಸದ್ದಿಲ್ಲದೆ ಮಲಗಿದ್ದರೆ ದೂರ ನಿಂತು ಕೆಲವು ಗಂಟೆ ಕಾಯಿರಿ. ಮೈ ತಣ್ಣಗಾಗಿದ್ದರೆ, ಎಡೆಬಿಡದೆ ಅಳುತ್ತಿದ್ದರೆ, ಇರುವೆ ಮುತ್ತಿದ್ದರೆ ಆಗ ಎತ್ತಿಕೊಳ್ಳಿ. ಮೊದಲು ಬೆಚ್ಚಗೆ ಮಾಡಬೇಕು, ಆಮೇಲೆ ಊಟ. ತಣ್ಣಗಾದ ಮರಿಗೆ ಹಾಲು ಹಾಕಿದರೆ ಅರಗುವುದಿಲ್ಲ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಕಣ್ಣು ಬಿಡದ ಮರಿಗೆ ಬೆಕ್ಕಿನ ಮರಿಗೆಂದೇ ಮಾಡಿದ ಹಾಲಿನ ಪುಡಿಯನ್ನು ಕಲಸಿ, ಮರಿಯನ್ನು ಬೋರಲು ಮಲಗಿಸಿ, ಎರಡು ಮೂರು ಗಂಟೆಗೊಮ್ಮೆ ಕುಡಿಸಬೇಕು. ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಪ್ರತಿ ಸಲ ಒದ್ದೆ ಹತ್ತಿಯಿಂದ ಬಾಲದ ಕೆಳಗೆ ಮೆಲ್ಲನೆ ಒರೆಸಿದರೇ ಅದಕ್ಕೆ ಮೂತ್ರ, ಮಲ ಹೋಗುವುದು. ರಾತ್ರಿಯ ನಿದ್ದೆಗೆಟ್ಟು ಇದನ್ನು ಮಾಡಲು ಆಗದವರು ಅಭ್ಯಾಸವಿರುವವರ ಕೈಗೆ ಕೊಡುವುದೇ ಸರಿ.

ಮರಿಗಳಿಗೆ ಆರೆಂಟು ವಾರದಿಂದ ಲಸಿಕೆ ಶುರು. ಬೆಕ್ಕಿನ ಮೂರು ರೋಗಗಳನ್ನು ಒಟ್ಟಿಗೆ ತಡೆಯುವ ಲಸಿಕೆ ಇದು, ಅಂಗಡಿಯಲ್ಲೂ ಆಸ್ಪತ್ರೆಯಲ್ಲೂ ಟ್ರೈಕ್ಯಾಟ್ ಎಂದು ಕೇಳಿ. ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ ಕೊಡಬೇಕು. ಮೂರು ತಿಂಗಳಿಗೆ ರೇಬಿಸ್ ಲಸಿಕೆ.

ಮನೆಯೊಳಗಿನ ವಿಷಗಳು

ಬೆಕ್ಕಿನ ಯಕೃತ್ತು ಕೆಲವು ವಸ್ತುಗಳನ್ನು ನಮ್ಮಂತೆ ಒಡೆದು ಹೊರಹಾಕಲಾರದು. ಹೀಗಾಗಿ ನಮಗೆ ಮಾಮೂಲಾದದ್ದು ಅದಕ್ಕೆ ಮಾರಕ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ನೆಲ ಒರೆಸುವ ಫಿನೈಲ್ ಪಾದಕ್ಕಂಟಿ, ನೆಕ್ಕಿದಾಗ ಹೊಟ್ಟೆಗಿಳಿಯುತ್ತದೆ. ಸೋಪಿನ ನೀರಿನಿಂದ ಒರೆಸಿದರೆ ನೆಲಕ್ಕೇನೂ ನಷ್ಟವಿಲ್ಲ. ನಾಯಿಗೆ ಹಚ್ಚುವ ಉಣ್ಣಿಹುಳುವಿನ ಔಷಧಿಯಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇದ್ದರೆ ಬೆಕ್ಕಿಗೆ ಸೆಳೆತ ಬರುತ್ತದೆ. ನುಸಿಗುಳಿಗೆ, ಕರ್ಪೂರ, ಲಿಲಿ ಹೂವು, ಇಲಿ ಪಾಷಾಣ ಯಾವುದೂ ಅದರ ದಾರಿಯಲ್ಲಿ ಇರಬಾರದು. ಪಾಷಾಣ ತಿಂದ ಇಲಿಯನ್ನು ಹಿಡಿದು ತಿಂದರೂ ಅಪಾಯವೇ.

ಒಳಗೆ ಇಟ್ಟುಕೊಳ್ಳುವುದಾದರೆ ಅಗಲ ಟಬ್ಬಿನಲ್ಲಿ ನಾಲ್ಕು ಬೆರಳು ಎತ್ತರ ಮರಳು ಸಾಕು, ಹೇಳಿಕೊಡದೆಯೇ ಕಲಿಯುತ್ತದೆ. ದಿನವೂ ಎತ್ತಿ ಹಾಕಿ. ಟಾಕ್ಸೋಪ್ಲಾಸ್ಮಾ ಎಂಬ ಪರೋಪಜೀವಿ ಮಲದಲ್ಲಿದ್ದರೆ ಸೋಂಕು ಹರಡುವ ಸ್ಥಿತಿಗೆ ಬರಲು ಅದಕ್ಕೆ ಒಂದು ದಿನವಾದರೂ ಬೇಕು, ಬೇಗ ತೆಗೆದರೆ ಅಪಾಯ ತಗ್ಗುತ್ತದೆ. ಬಸುರಿಯರು ಈ ಕೆಲಸ ಬೇರೆಯವರಿಗೆ ಬಿಡಲಿ. ಬೆಕ್ಕನ್ನು ಮನೆಯಿಂದ ಓಡಿಸುವ ಅಗತ್ಯವೇನೂ ಇಲ್ಲ. ಚಳಿಗಾಲದ ಬೆಳಿಗ್ಗೆ, ಮಳೆಯ ದಿನ, ಕಾರು ಹೊರಡಿಸುವ ಮೊದಲು ಬಾನೆಟ್ಟಿನ ಮೇಲೆ ಎರಡೇಟು ತಟ್ಟಿ. ಬೆಚ್ಚಗಿನ ಎಂಜಿನ್ನಿನ ಸಂದಿಯಲ್ಲಿ ಮಲಗಿದ್ದು ಎದ್ದು ಹೋಗಲಿ.

ಕಾಯಿಲೆಯನ್ನು ಬೆಕ್ಕು ಬಚ್ಚಿಡುತ್ತದೆ. ಒಂದು ದಿನಕ್ಕಿಂತ ಹೆಚ್ಚು ಊಟ ಬಿಟ್ಟರೆ ಸುಮ್ಮನಿರಬೇಡಿ, ಎರಡು ಮೂರು ದಿನದ ಉಪವಾಸಕ್ಕೇ ಅದರ ಯಕೃತ್ತು ಕೆಡಬಹುದು. ಗಂಡುಬೆಕ್ಕು ಮತ್ತೆ ಮತ್ತೆ ಮೂತ್ರಕ್ಕೆ ಕುಳಿತು ತಿಣುಕುತ್ತಿದ್ದು ಹನಿಯೂ ಬಾರದಿದ್ದರೆ ಅದು ಮಲಬದ್ಧತೆಯಲ್ಲ, ಮೂತ್ರನಾಳ ಕಟ್ಟಿದೆ. ರಾತ್ರಿಯಾದರೂ ಸರಿ, ವೈದ್ಯರನ್ನು ಹುಡುಕಿ. ಬಾಯಿ ತೆರೆದು ಏದುಸಿರು ಬಿಡುವುದೂ ಅಷ್ಟೇ ತುರ್ತು. ಮರಿಗೆ ವಾಂತಿ, ಭೇದಿ, ಸುಸ್ತು ಒಟ್ಟಿಗೆ ಬಂದರೆ ಪ್ಯಾನ್‌ಲ್ಯೂಕೋಪೀನಿಯಾ ಎಂಬ ಮಾರಕ ವೈರಸ್ ರೋಗ ಇರಬಹುದು, ಅದಕ್ಕೆ ಗಂಟೆಗಳ ಲೆಕ್ಕ. ಕಿವಿಯೊಳಗೆ ಕಾಫಿ ಗಸಿಯಂಥ ಕಪ್ಪು ಕೊಳೆ ಕಂಡರೆ ಕಿವಿಯ ನುಸಿ. ಕೂದಲು ದುಂಡಗೆ ಉದುರಿದ್ದರೆ ಹುಳುಕಡ್ಡಿ, ಅದು ನಮಗೂ ಅಂಟುತ್ತದೆ.

ಅಕ್ಕಪಕ್ಕ, ಮತ್ತು ಊರಿಗೆ ಹೋಗುವಾಗ

ತಕರಾರು ಬರುವುದು ಸಾಮಾನ್ಯವಾಗಿ ಊಟದಿಂದಲ್ಲ, ಗಲೀಜಿನಿಂದ ಮತ್ತು ರಾತ್ರಿಯ ಕೂಗಾಟದಿಂದ. ಆಪ್ತವಾಗಿ ಮಾತನಾಡಿ, ಅವರ ತುಳಸಿಕಟ್ಟೆಯ ಬಳಿ ಗಲೀಜಾದರೆ ನೀವೇ ಹೋಗಿ ತೆಗೆಯಿರಿ. ಆಪರೇಷನ್ ಆದ ಮೇಲೆ ಬೆದೆಯ ಕೂಗು ನಿಲ್ಲುತ್ತದೆ, ಗಂಡುಗಳ ಜಗಳ ಕಡಿಮೆಯಾಗುತ್ತದೆ. ಇದನ್ನು ಮೊದಲೇ ಹೇಳಿದರೆ ವಿರೋಧಿಸುವವರೂ ಎಷ್ಟೋ ಸಲ ಖರ್ಚಿಗೆ ಕೈಜೋಡಿಸುತ್ತಾರೆ. ಅಪಾರ್ಟ್‌ಮೆಂಟುಗಳಲ್ಲಿ ಜಾಗದ ಜಗಳವಾದರೆ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಲ್ಲಿ ಬೀದಿ ಪ್ರಾಣಿಗಳ ಊಟದ ವ್ಯವಸ್ಥೆಯ ಬಗ್ಗೆ ನಿವಾಸಿಗಳ ಸಂಘಗಳ ಹೊಣೆಯನ್ನು ಹೇಳಿರುವುದನ್ನು ತೋರಿಸಿ. ಹೊಡೆಯುವುದು, ವಿಷವಿಕ್ಕುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಡಿ ಅಪರಾಧ. ಸಾಕಿದ ಪ್ರಾಣಿಯನ್ನು ಕಾರಣವಿಲ್ಲದೆ ಬೀದಿಗೆ ಬಿಡುವುದೂ ಅದೇ ಕಾಯ್ದೆಯಡಿ ಬರುತ್ತದೆ.

ನೀವು ಊರಿಗೆ ಹೋಗುವಾಗ ಹಾಕುವವರು ಯಾರೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ಒಂದೊಂದು ಹೊತ್ತಿನ ಊಟವನ್ನು ಸಣ್ಣ ಪೊಟ್ಟಣ ಕಟ್ಟಿ, ವೈದ್ಯರ ಫೋನ್ ಸಂಖ್ಯೆ ಬರೆದು ಕೊಡಿ. ಕಳೆದ ಸಂಕ್ರಾಂತಿಗೆ ನಾಲ್ಕು ದಿನ ಹೋಗಬೇಕಾಗಿ ಬಂದು, ಹಿಂಜರಿಯುತ್ತಲೇ ಅಜ್ಜಿಯನ್ನು ಕೇಳಿದೆ. ಮಡಿಯ ಮನೆ, ಒಣ ಆಹಾರದ ಡಬ್ಬಿ ಮುಟ್ಟುತ್ತಾರೋ ಇಲ್ಲವೋ. "ಡಬ್ಬಿ ನಿಮ್ಮ ಗೂಡಿನಲ್ಲೇ ಇರಲಿ, ಚಮಚ ಅಲ್ಲೇ ಇಡು" ಎಂದರು. ಎಂಟು ಪೊಟ್ಟಣ ಕಟ್ಟಿಟ್ಟು ಹೋದೆ. ಬಂದು ನೋಡಿದರೆ ಪೊಟ್ಟಣಗಳು ಮೂರನೆಯ ದಿನಕ್ಕೇ ಮುಗಿದು, ಡಬ್ಬಿಗೂ ಕೈ ಹಾಕಿ ಆಗಿತ್ತು. ಗೌರಿ ಅಜ್ಜಿಯ ಜಗಲಿಯ ಗೋಣಿತಾಟಿನ ಮೇಲೆ ಕತ್ತರಿಸಿದ ಕಿವಿಯನ್ನು ಬಿಸಿಲಿಗೆ ಒಡ್ಡಿ ಮಲಗಿತ್ತು. ನನ್ನ ಡಬ್ಬಿಯ ಸದ್ದಿಗೆ ಒಂದು ಕಣ್ಣು ತೆರೆದು, ಮತ್ತೆ ಮುಚ್ಚಿತು.